ದಿಲ್ಲಿಯ ತರಗತಿಯಲ್ಲಿ ಹೊಸಹಳ್ಳಿ

ಮಾಸ್ತಿಯವರ ‘ರಂಗನ ಮದುವೆ’ಯನ್ನು ಕನ್ನಡದ ಒಂದಕ್ಷರವೂ ಬಾರದ ಹುಡುಗ ಹುಡುಗಿಯರು ದೇಶದ ತುಂಬ ಓದಿದ್ದಾರೆ, ಅದರ ಮೇಲೆ ಪರೀಕ್ಷೆಯನ್ನೂ ಬರೆದಿದ್ದಾರೆ. ಊರಿನಲ್ಲಿರುವ ನಿಮಗೆ ಇದನ್ನು ಕೇಳಿ ಮೊದಲು ಸಂತೋಷವಾದೀತು. ಆಮೇಲೆ ‘ಏನು ಓದಿದರೋ, ಹೇಗೆ ಓದಿದರೋ’ ಅಂತ ಸಣ್ಣದೊಂದು ಅನುಮಾನವೂ ಬಂದೀತು. ಎರಡೂ ನ್ಯಾಯವೇ. ಎನ್‌ಸಿಇಆರ್‌ಟಿಯವರು 2006ರಲ್ಲಿ ಹನ್ನೊಂದನೇ ತರಗತಿಗೆ ‘ಸ್ನ್ಯಾಪ್‌ಶಾಟ್ಸ್’ ಎಂಬ ಇಂಗ್ಲಿಷ್ ಪೂರಕ ಪಠ್ಯವನ್ನು ತಂದರು. ಅದರ ಎಂಟು ಪಾಠಗಳಲ್ಲಿ ಮೂರನೆಯದು ‘ರಂಗಾಸ್ ಮ್ಯಾರೇಜ್’. 1910ರಷ್ಟು ಹಿಂದೆ ಬರೆದ, ಕನ್ನಡ ಸಣ್ಣಕತೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ನಾವೆಲ್ಲ ಓದಿಕೊಂಡಿರುವ ಕತೆ ಹೀಗೆ ಲೂಧಿಯಾನದ, ಪಟ್ನಾದ, ಗುವಾಹಟಿಯ ಮಕ್ಕಳ ಕೈಗೆ ಬಂತು. ಮರುವರ್ಷ, 2007ರಲ್ಲಿ, ಹನ್ನೆರಡನೇ ತರಗತಿಯ ಐಚ್ಛಿಕ ಇಂಗ್ಲಿಷಿಗೆ ಬಂದ ‘ಕೆಲೈಡೋಸ್ಕೋಪ್’ ಪುಸ್ತಕದ ನಾಟಕ ವಿಭಾಗದಲ್ಲಿ ಟಾಗೋರರ ‘ಚಂಡಾಲಿಕಾ’ದ ಪಕ್ಕದಲ್ಲಿ ಗಿರೀಶ ಕಾರ್ನಾಡರ ‘ಬ್ರೋಕನ್ ಇಮೇಜಸ್’ ಕೂತಿತ್ತು. ಅಂದರೆ ನಮ್ಮ ‘ಒಡಕಲು ಬಿಂಬ’.

ದಿಲ್ಲಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಈ ಎರಡನ್ನೂ ಹಲವು ವರ್ಷ ಪಾಠ ಮಾಡಿದವನು ನಾನು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಕನ್ನಡದ ಮನೆಯವರು ಒಬ್ಬರೋ ಇಬ್ಬರೋ. ಕೆಲವು ವರ್ಷ ಅದೂ ಇಲ್ಲ. ಕನ್ನಡದ ಕತೆಯನ್ನು ಕನ್ನಡದ ಮೇಷ್ಟ್ರು ಹಿಂದಿಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿಕೊಡುವುದು ದೂರದಿಂದ ನೋಡಿದವರಿಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಕತೆ, ನಾಟಕಗಳನ್ನು ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ಹೇಗೆ ಕಲಿಸಬೇಕು ಅನ್ನುವುದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಬಂದದ್ದು ಈ ವಿಚಿತ್ರ ಪರಿಸ್ಥಿತಿಯಿಂದಲೇ. ‘ಈ ಕತೆಯ ಆಶಯವೇನು’ ಎಂಬ ಪ್ರಶ್ನೆಯಿಂದ ಶುರುವಾದ ಪಾಠದಲ್ಲಿ ಮಕ್ಕಳ ಕೈಗೆ ಸಿಗುವುದು ಆಶಯ ಮಾತ್ರ, ಕತೆ ಸಿಗುವುದಿಲ್ಲ. ‘ಇಲ್ಲಿ ಯಾರು, ಯಾರ ಹತ್ತಿರ, ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ, ಯಾರಿಗೆ ಮಾತೇ ಸಿಕ್ಕಿಲ್ಲ’ ಎಂದು ಕೇಳಿದರೆ ಕತೆಯೂ ಸಿಗುತ್ತದೆ, ಆಶಯವೂ ತಾನಾಗಿ ಹಿಂದೆ ಬರುತ್ತದೆ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಇಟ್ಟುಕೊಂಡು ಬೆಳೆಯುವ ಹೊರನಾಡಿನ ಮಕ್ಕಳಿಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ, ದಿನದ ಪ್ರಶ್ನೆ.

ಮೊದಲು ಕತೆಯನ್ನು ನೆನಪಿಸಿಕೊಳ್ಳೋಣ. ಹೇಳುವವನು ಶ್ಯಾಮ. ಹೊಸಹಳ್ಳಿಯವನು, ಊರೆಂದರೆ ಅಭಿಮಾನ, ಬಾಯಿ ಸ್ವಲ್ಪ ಜಾಸ್ತಿ. ಊರಿನ ಶ್ಯಾನುಭೋಗರ ಮಗ ರಂಗಪ್ಪ ಇಂಗ್ಲಿಷ್ ಓದಲು ಬೆಂಗಳೂರಿಗೆ ಹೋಗಿ ವಾಪಸು ಬಂದಾಗ ಅವನು ಕೆಟ್ಟು ಬಂದನೋ ನೆಟ್ಟಗೆ ಬಂದನೋ ನೋಡಲು ಊರೇ ನೆರೆಯುತ್ತದೆ. ಮುದುಕಿಯೊಬ್ಬಳು ಎದೆ ಮುಟ್ಟಿ ಜನಿವಾರ ಇದೆಯೇ ಎಂದು ಪರೀಕ್ಷೆ ಮಾಡುತ್ತಾಳೆ. ಎಳೆ ಹುಡುಗಿ ಬೇಡ, ಬೆಳೆದವಳನ್ನು, ಮೆಚ್ಚಿದವಳನ್ನು ಮಾತ್ರ ಮದುವೆಯಾಗುತ್ತೇನೆ ಅನ್ನುವುದು ರಂಗಪ್ಪನ ಹೊಸ ವಿಚಾರ. ಶ್ಯಾಮನಿಗೆ ಇದು ಸರಿಕಾಣುವುದಿಲ್ಲ. ರಾಮರಾಯರ ಮನೆಯಲ್ಲಿ ಬೆಳೆಯುತ್ತಿರುವ, ತಂದೆತಾಯಿಯಿಲ್ಲದ, ಹನ್ನೊಂದು ವರ್ಷದ ರತ್ನಳನ್ನು ಇವನಿಗೆ ಗಂಟುಹಾಕಬೇಕೆಂದು ನಿಶ್ಚಯಿಸುತ್ತಾನೆ. ಅವಳು ಹಾಡುವುದು ರಂಗಪ್ಪನ ಕಿವಿಗೆ ಬೀಳುವಂತೆ ಮಾಡಿ, ‘ಅವಳಿಗೆ ಮದುವೆಯಾಗಿದೆ’ ಎಂದು ಸುಳ್ಳು ಹೇಳಿ, ಜೋಯಿಸರಿಗೆ ಮೊದಲೇ ಪಾಠ ಮಾಡಿಟ್ಟು, ಕೊನೆಗೆ ಮದುವೆ ಮಾಡಿಸಿಯೇ ಬಿಡುತ್ತಾನೆ.

ಈ ಕತೆಯ ಆರಂಭದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ರಾಮರಾಯರ ಮನೆಯಲ್ಲಿ ಒಂದು ಹೊರೆ ಸೌದೆ ಕೊಳ್ಳುತ್ತಾರೆ. ಸೌದೆಯವಳು ದುಡ್ಡು ಕೇಳಿದರೆ ರಾಮರಾಯರ ಮಗ ತನ್ನ ಹತ್ತಿರ ‘ಚೇಂಜ್’ ಇಲ್ಲ, ನಾಳೆ ಬಾ ಅನ್ನುತ್ತಾನೆ. ಆ ಪದ ಅವಳಿಗೆ ತಿಳಿಯದು. ಗೊಣಗಿಕೊಂಡು ಹೋಗುತ್ತಾಳೆ. ಶ್ಯಾಮನಿಗೂ ತಿಳಿಯದು. ಅವನು ಆಮೇಲೆ ರಂಗಪ್ಪನನ್ನು ಕೇಳಿ ತಿಳಿದುಕೊಳ್ಳುತ್ತಾನೆ.

ಕನ್ನಡದಲ್ಲಿ ಓದುವಾಗ ಈ ಪದ ಅನ್ನದಲ್ಲಿ ಸಿಕ್ಕ ಕಲ್ಲು. ಕಟಕ್ ಅನ್ನುತ್ತದೆ, ನಗುವೂ ಬರುತ್ತದೆ. ಇಂಗ್ಲಿಷಿನಲ್ಲಿ ಅದೂ ಅನ್ನದ ಜೊತೆ ಅನ್ನ. ಹಲ್ಲಿಗೆ ಸಿಗುವುದೇ ಇಲ್ಲ. ಸುತ್ತಲಿನ ಪದಗಳೆಲ್ಲ ಇಂಗ್ಲಿಷೇ ಆಗಿರುವಾಗ ಇದೊಂದು ಮಾತ್ರ ಇಂಗ್ಲಿಷ್ ಪದ ಎಂದು ಪಠ್ಯ ಬಿಡಿಸಿ ಹೇಳಬೇಕಾಗುತ್ತದೆ. ಬಿಡಿಸಿ ಹೇಳಿದ ಜೋಕಿಗೆ ನಗುವವರು ಯಾರು? ಮಕ್ಕಳು ಅಡಿಗೆರೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ಅನುವಾದ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆ ಇಂಗ್ಲಿಷ್ ಸರಾಗವಾಗಿದೆ, ಶ್ಯಾಮನ ಲಹರಿಯನ್ನು ಆದಷ್ಟು ಹಿಡಿದಿದೆ. ಆದರೆ ಇಂಗ್ಲಿಷ್ ತಮ್ಮ ಮಾತಿನೊಳಗೆ ಹೇಗೆ ನುಗ್ಗಿತು ಎಂದು ನಗುನಗುತ್ತ ಹೇಳುವ ಕತೆಯನ್ನು ಇಂಗ್ಲಿಷಿಗೇ ತಂದರೆ ಎಂಥ ಅನುವಾದಕನಿಗೂ ಆ ಕಲ್ಲನ್ನು ಉಳಿಸಿಕೊಳ್ಳುವುದು ಕಷ್ಟ.

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ನಾನು ಮಾಡುತ್ತಿದ್ದದ್ದು ಇಷ್ಟೆ. ‘ನಿಮ್ಮ ಮನೆಯಲ್ಲಿ ಚೇಂಜಿಗೆ ಏನಂತೀರಿ?’ ಅಂತ ಒಬ್ಬೊಬ್ಬರನ್ನೇ ಕೇಳಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿಯ ಛುಟ್ಟಾ, ಪಂಜಾಬಿನ ಹುಡುಗನ ಖುಲ್ಲೆ, ಬಂಗಾಳಿ ಹುಡುಗಿಯ ಖುಚ್ರೊ, ಮರಾಠಿಯ ಸುಟ್ಟೆ. ಆಮೇಲೆ ತಮಿಳಿನವನು ಚಿಲ್ಲರೈ ಅನ್ನುತ್ತಾನೆ, ಮಲಯಾಳದವಳು ಚಿಲ್ಲರ, ತೆಲುಗಿನವನೂ ಚಿಲ್ಲರ. ನಾನು ‘ನಮ್ಮಲ್ಲಿ ಚಿಲ್ಲರೆ’ ಅಂದಾಗ ದಕ್ಷಿಣದ ನಾಲ್ಕು ಮಕ್ಕಳು ಒಬ್ಬರನ್ನೊಬ್ಬರು ತಿರುಗಿ ನೋಡುತ್ತಾರೆ. ಹತ್ತು ವರ್ಷ ಒಂದೇ ಶಾಲೆಯಲ್ಲಿ ಓದಿದವರು ತಮ್ಮ ಕಿಸೆಯಲ್ಲಿ ಒಂದೇ ಪದ ಇಟ್ಟುಕೊಂಡು ತಿರುಗುತ್ತಿದ್ದಾರೆ ಅನ್ನುವುದು ಅವರಿಗೆ ಆವತ್ತು ಗೊತ್ತಾಗುತ್ತದೆ. ಅನಂತರ, ಆ ಸೌದೆಯ ಪ್ರಸಂಗವನ್ನು ಒಬ್ಬೊಬ್ಬರು ತಮ್ಮ ಮನೆಮಾತಿನಲ್ಲೇ ಹೇಳಬೇಕು, ‘ಚೇಂಜ್’ ಒಂದನ್ನು ಮಾತ್ರ ಹಾಗೇ ಇಡಬೇಕು. ಭೋಜಪುರಿಯಲ್ಲಿ ಒಬ್ಬ ಹೇಳುತ್ತಿದ್ದಂತೆ, ಕಾಣೆಯಾಗಿದ್ದ ನಗು ತರಗತಿಗೆ ಬಂದುಬಿಡುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಬರುವಾಗ ಬಿದ್ದುಹೋದದ್ದನ್ನು ಮಕ್ಕಳು ಭೋಜಪುರಿಯಿಂದ, ಮಲಯಾಳದಿಂದ ಎತ್ತಿ ತಂದುಕೊಡುತ್ತಾರೆ. ಎಲ್ಲರ ಮನೆಮಾತೂ ಒಂದೇ ಆಗಿರುವ ತರಗತಿಯಲ್ಲಿ ಈ ಪಾಠ ಇಷ್ಟು ಚೆನ್ನಾಗಿ ನಡೆಯಲಾರದು.

ನಗು ಬಂದ ಮೇಲೆಯೇ ಮುಂದಿನ ಪ್ರಶ್ನೆ ಕೇಳಲು ಸಾಧ್ಯ. ಪದ ಗೊತ್ತಿಲ್ಲದವರು ಇಬ್ಬರು. ಶ್ಯಾಮ ರಂಗಪ್ಪನ ಮನೆಗೆ ಹೋಗಿ ಅರ್ಥ ಕೇಳಿದ. ಸೌದೆಯವಳಿಗೆ ಯಾರು ಹೇಳಿದರು? ಅವಳಿಗೆ ದುಡ್ಡು ಸಿಕ್ಕಿತೆ? ಕತೆಯಲ್ಲಿ ಉತ್ತರವಿಲ್ಲ. ಅವಳು ಗೊಣಗಿಕೊಂಡು ಹೋದವಳು ಮತ್ತೆ ಬರುವುದೇ ಇಲ್ಲ. ಆ ಗೊಣಗಾಟದಲ್ಲಿ ಏನಿತ್ತು ಎಂಬುದೂ ನಮಗೆ ಕೇಳಿಸುವುದಿಲ್ಲ. ಹೊಸಹಳ್ಳಿ ಅಂತ ಶ್ಯಾಮ ಅಷ್ಟು ಪ್ರೀತಿಯಿಂದ ಹೇಳುವ ಊರು ಹೆಚ್ಚುಕಡಿಮೆ ಜನಿವಾರದವರ ಬೀದಿಯಷ್ಟೇ ಇದೆ. ಅದರ ಹೊರಗಿನಿಂದ ನಮ್ಮ ಕಣ್ಣಿಗೆ ಬೀಳುವವಳು ಇವಳು, ಅದೂ ಒಂದು ಜೋಕಿನ ಸಲುವಾಗಿ. ಇದನ್ನು ಮಾಸ್ತಿಯವರ ಮೇಲೆ ಆರೋಪವಾಗಿ ನಾನು ಹೇಳುತ್ತಿಲ್ಲ. ಅರ್ಥವಾಗದ ಪದ ಯಾರ ಕಿಸೆಗೆ ಕತ್ತರಿ ಹಾಕುತ್ತದೆ ಎಂದು ಅವರು ನಾಲ್ಕು ವಾಕ್ಯದಲ್ಲಿ ತೋರಿಸಿಬಿಟ್ಟಿದ್ದಾರೆ. ಶ್ಯಾಮ ಅದನ್ನು ನೋಡಿಯೂ ನೋಡದೆ ಮುಂದೆ ಹೋಗುತ್ತಾನೆ. ಬರೆದವರು ಕಂಡದ್ದನ್ನು ಹೇಳುವವನು ಕಾಣದೆ ಹೋಗಬಹುದು ಎಂಬುದೇ ಸಣ್ಣಕತೆಯ ಪಾಠದಲ್ಲಿ ಮಕ್ಕಳಿಗೆ ತಿಳಿಯಬೇಕಾದ ಮುಖ್ಯ ಸಂಗತಿ. ಲೇಖಕ ಬೇರೆ, ನಿರೂಪಕ ಬೇರೆ ಎಂದು ವ್ಯಾಖ್ಯೆ ಬರೆಸಿದರೆ ಅದು ತಲೆಗೆ ಹೋಗುವುದಿಲ್ಲ. ಸೌದೆಯವಳ ಬೆನ್ನು ಕಂಡರೆ ಹೋಗುತ್ತದೆ.

ಪಾಠದ ಕೊನೆಯಲ್ಲಿ ಪಠ್ಯದವರು ಕೊಟ್ಟಿದ್ದ ಪ್ರಶ್ನೆಗಳು ಬೇರೆ ತರಹದವು. ಇಂಗ್ಲಿಷ್ ಭಾಷೆಯ, ಇಂಗ್ಲಿಷ್ ಜೀವನಕ್ರಮದ ಪ್ರಭಾವ ಕತೆಯಲ್ಲಿ ಹೇಗೆ ಕಾಣುತ್ತದೆ? ಜೋಯಿಸರು ಹೇಳುವುದು ನಕ್ಷತ್ರ ನೋಡಿಯೋ ಊಹೆ ಮಾಡಿಯೋ? ಮದುವೆ ಏರ್ಪಡಿಸುವ ರೀತಿ ಈಗ ಎಷ್ಟು ಬದಲಾಗಿದೆ? ಪ್ರಶ್ನೆಗಳು ತಪ್ಪಲ್ಲ. ಆದರೆ ಇವಕ್ಕೆ ಕತೆ ಓದದೆಯೂ ಉತ್ತರ ಬರೆಯಬಹುದು. ಗೈಡುಗಳಲ್ಲಿ ಇದ್ದದ್ದೂ ಅದೇ. ‘ಮಾಸ್ತಿಯವರು ಇಂಗ್ಲಿಷಿನ ಪ್ರಭಾವವನ್ನು ಟೀಕಿಸಿದ್ದಾರೆ’ ಎಂದು ಬರೆದು, ಕೆಳಗೆ ಮೂರು ಪಾಯಿಂಟು ಕೊಟ್ಟರೆ ಪೂರ್ತಿ ಅಂಕ. ನಿಜವಾಗಿ ಶ್ಯಾಮ ಇಂಗ್ಲಿಷನ್ನು ಟೀಕಿಸುತ್ತಾನೆಯೇ? ಹಾಸ್ಯ ಮಾಡುತ್ತಾನೆ, ಸರಿ. ಆದರೆ ಅರ್ಥ ಕೇಳಲು ಇಂಗ್ಲಿಷ್ ಕಲಿತವನ ಮನೆಗೇ ಹೋಗುತ್ತಾನೆ. ರಂಗಪ್ಪ ಕಿತ್ತಳೆ ಹಣ್ಣು ತಂದುಕೊಟ್ಟರೆ ಎಷ್ಟು ಒಳ್ಳೆಯ ಹುಡುಗ ಎಂದು ಕರಗುತ್ತಾನೆ. ತಿರಸ್ಕಾರ, ಕುತೂಹಲ, ಸ್ವಲ್ಪ ಹೊಟ್ಟೆಕಿಚ್ಚು, ಎಲ್ಲ ಸೇರಿದ ಧಾಟಿ ಅದು. ಇಂಗ್ಲಿಷ್ ಮಾತಾಡುವವರ ಎದುರು ದಿಲ್ಲಿಗೆ ಹೊಸದಾಗಿ ಬಂದ ನಮ್ಮ ಯಾವುದೇ ಮನೆಯ ಧಾಟಿಯೂ ಅದೇ. ಪಾಯಿಂಟು ಮಾಡಿ ಬರೆದರೆ ಧಾಟಿ ಹೋಗುತ್ತದೆ. ಧಾಟಿ ಹೋದ ಮೇಲೆ ‘ರಂಗನ ಮದುವೆ’ಯಲ್ಲಿ ಉಳಿಯುವುದು ಒಂದು ಸಾಧಾರಣ ಮದುವೆ ಸಮಾಚಾರ.

ಧಾಟಿಯನ್ನು ಕೇಳಿಸುವುದಕ್ಕೆ ಗಟ್ಟಿಯಾಗಿ ಓದುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಮಕ್ಕಳು ಸರದಿಯ ಮೇಲೆ ಎದ್ದುನಿಂತು ಒಂದೊಂದು ಪ್ಯಾರಾ ಒದರುವುದಲ್ಲ. ಒಬ್ಬ ಶ್ಯಾಮನಾಗಬೇಕು, ನಾಲ್ಕು ಜನ ಕಟ್ಟೆಯ ಮೇಲೆ ಕೂತು ಕೇಳುವವರಾಗಬೇಕು, ಮಧ್ಯೆ ‘ಆಮೇಲೆ?’ ಅನ್ನಬೇಕು. ಶ್ಯಾಮ ಊರಿನ ಮಾವಿನ ಹುಳಿಯನ್ನೂ ಕೆರೆಯನ್ನೂ ವರ್ಣಿಸುತ್ತ ಕತೆ ಶುರುಮಾಡುವುದೇ ಮರೆತುಬಿಟ್ಟಂತೆ ನಟಿಸುವುದು ಆಗ ಕೇಳಿಸುತ್ತದೆ. ಒಂದು ವರ್ಷ ನನ್ನ ತರಗತಿಯಲ್ಲಿ ರಾಯಚೂರು ಕಡೆಯ ಹುಡುಗಿಯೊಬ್ಬಳಿದ್ದಳು. ತಂದೆಗೆ ಕೇಂದ್ರ ಸರ್ಕಾರದ ನೌಕರಿ, ನಾಲ್ಕು ರಾಜ್ಯ ಸುತ್ತಿ ಬಂದವರು. ಅವಳಿಗೆ ಕನ್ನಡ ಓದಲು ಬಾರದು. ಪಾಠ ಮುಗಿದ ಮೇಲೆ ಬಂದು, ‘ನಮ್ಮಜ್ಜಿನೂ ಹಿಂಗ ಮಾತಾಡ್ತಾಳ್ರಿ ಸರ. ಒಂದ್ ಹೇಳಾಕ ಹೋಗಿ ಹತ್ತ್ ಹೇಳ್ತಾಳ’ ಅಂದಳು. ವಿಮರ್ಶಕರು ಪುಟಗಟ್ಟಲೆ ಬರೆಯುವ ನಿರೂಪಣಾ ತಂತ್ರವನ್ನು ಆ ಹುಡುಗಿ ಅಜ್ಜಿಯ ಮೂಲಕ ಹಿಡಿದಿದ್ದಳು. ಮಿಕ್ಕ ಎಲ್ಲ ಪಾಠಗಳಲ್ಲೂ ಅವಳು ತರಗತಿಯ ಹಿಂದಿಗಿಂತ ಒಂದು ಹೆಜ್ಜೆ ಹಿಂದೆ. ಈ ಪಾಠದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ. ಸಪ್ಪೆಯಾದ ಮುಖಕ್ಕೆ ಸುಟ್ಟ ಬದನೇಕಾಯಿಯ ಹೋಲಿಕೆ ಬಂದಾಗ ಬೇರೆಯವರಿಗೆಲ್ಲ ಅದು ವಿಚಿತ್ರ ಉಪಮೆ, ಅವಳಿಗೆ ಮನೆಯ ಮಾತು. ‘ಜಗನ್ನಾಥ ವಿಜಯ’, ‘ಗಿರಿಜಾ ಕಲ್ಯಾಣ’ದಂಥ ಹೆಸರುಗಳನ್ನು ಎತ್ತಿ ಶ್ಯಾಮ ತನ್ನ ಬಡ ಕತೆಯ ಶೀರ್ಷಿಕೆಯ ಬಗ್ಗೆ ಮಾಡುವ ತಮಾಷೆ ಮಾತ್ರ ಅವಳಿಗೂ ತಿಳಿಯಲಿಲ್ಲ. ಅಡಿಟಿಪ್ಪಣಿ ಆ ಎರಡು ಕಾವ್ಯಗಳ ಅರ್ಥ ಹೇಳೀತು, ಅವುಗಳ ಗತ್ತನ್ನು ಹೇಳಲಾರದು.

ಮಾಸ್ತಿಯವರ ಮನೆಮಾತು ತಮಿಳು ಎಂದು ಹೇಳಿದಾಗ ತಮಿಳಿನ ಹುಡುಗ ನೆಟ್ಟಗೆ ಕೂತ. ‘ಮತ್ತೆ ಕನ್ನಡದಲ್ಲಿ ಯಾಕೆ ಬರೆದರು ಸರ್?’ ಅಂದ. ಕಾರ್ನಾಡರ ಮನೆಮಾತು ಕೊಂಕಣಿ, ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ, 1963ರಿಂದ ಏಳು ವರ್ಷ ನೌಕರಿ ಮಾಡಿದ್ದು ಮದ್ರಾಸಿನ ಆಕ್ಸ್‌ಫರ್ಡ್ ಪ್ರೆಸ್ಸಿನಲ್ಲಿ ಅಂದಾಗ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಭಾಷೆ ಅಂದರೆ ಹುಟ್ಟಿನಿಂದ ಬಂದದ್ದು ಮಾತ್ರವಲ್ಲ, ಆರಿಸಿಕೊಳ್ಳುವುದೂ ಹೌದು ಎಂದು ಆ ವಯಸ್ಸಿನ ಹೊರನಾಡಿನ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಕನ್ನಡ ಬರೆದರೆ ಕನ್ನಡದವರಾಗಬಹುದು ಎಂಬುದಕ್ಕೆ ಇವರಿಬ್ಬರಿಗಿಂತ ಒಳ್ಳೆಯ ಸಾಕ್ಷಿ ಬೇಕೆ?

ಇನ್ನು ರತ್ನಳ ಮಾತು. ಹಾಡಿನ ಪ್ರಸಂಗವನ್ನು ನೋಡಿ. ಮಜ್ಜಿಗೆಯ ನೆಪದಲ್ಲಿ ಹುಡುಗಿಯನ್ನು ಕರೆಸಿಕೊಂಡು ಶ್ಯಾಮ ಹಾಡಿಸುತ್ತಾನೆ. ಅದೇ ಹೊತ್ತಿಗೆ ಬರುವಂತೆ ರಂಗಪ್ಪನಿಗೆ ಹೇಳಿಕಳಿಸಿರುತ್ತಾನೆ. ರಂಗಪ್ಪ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಹೊರಗಿನವರನ್ನು ಕಂಡ ರತ್ನ ಥಟ್ಟನೆ ಹಾಡು ನಿಲ್ಲಿಸುತ್ತಾಳೆ. ಇದು ಕತೆಯೊಳಗೆ ಹುದುಗಿರುವ ನಾಟಕ. ರಂಗವಿದೆ, ಹೊಸ್ತಿಲಿದೆ, ಪ್ರವೇಶ ನಿರ್ಗಮನಗಳಿವೆ, ಶ್ಯಾಮನೇ ಸೂತ್ರಧಾರ. ಜೋಯಿಸರಿಗೆ ಮಾತು ಬರೆದುಕೊಟ್ಟು ತಾಲೀಮು ಮಾಡಿಸುವವನೂ ಅವನೇ. ಹುಡುಗಿಯ ಹೆಸರು ಸಮುದ್ರದಲ್ಲಿ ಸಿಗುವಂಥದ್ದು ಎಂದು ಶಾಸ್ತ್ರಿಗಳು ಗಂಭೀರವಾಗಿ ಕಂಡುಹಿಡಿಯುವುದು ಪಕ್ಕಾ ರಂಗದೃಶ್ಯ. ಮಜವೆಂದರೆ, ಆಮೇಲೆ ಶ್ಯಾಮ ಕೇಳಿದರೆ, ನೀನು ಹೇಳಿಕೊಡದಿದ್ದರೂ ನನ್ನ ಶಾಸ್ತ್ರದಿಂದಲೇ ಕಂಡುಹಿಡಿಯುತ್ತಿದ್ದೆ ಎಂಬ ಧಾಟಿಯಲ್ಲಿ ಆ ನಟ ನಾಟಕದ ಕರ್ತೃತ್ವವನ್ನೇ ತನ್ನದಾಗಿಸಿಕೊಳ್ಳುತ್ತಾನೆ.

ಈ ದೃಶ್ಯವನ್ನು ಮಕ್ಕಳ ಕೈಯಲ್ಲಿ ಆಡಿಸಿದರೆ ಒಂದು ತೊಂದರೆ ಶುರುವಾಗುತ್ತದೆ. ಅದೇ ಈ ಪಾಠದ ಲಾಭ. ಕತೆ ಓದುವಾಗ ರತ್ನ ಒಂದು ಹೆಸರು. ರಂಗದ ಮೇಲೆ ಅವಳು ಒಬ್ಬ ಹುಡುಗಿ, ಎಲ್ಲರ ಕಣ್ಣಿಗೆ ಕಾಣುತ್ತ ನಿಂತಿರಬೇಕು. ಪಾತ್ರ ಮಾಡುತ್ತಿದ್ದವಳು ಕೇಳಿದಳು: ‘ಸರ್, ಹಾಡು ನಿಲ್ಲಿಸಿದ ಮೇಲೆ ನಾನು ಏನು ಮಾಡಲಿ? ನನಗೆ ಡೈಲಾಗೇ ಇಲ್ಲವಲ್ಲ.’ ಹೌದು, ಇಲ್ಲ. ಅವಳ ದನಿ ನಮಗೆ ಕೇಳುವುದು ಹಾಡಾಗಿ. ಮದುವೆಯ ಬಗ್ಗೆ ಅವಳ ಅಭಿಪ್ರಾಯ ಒಂದು ಮಾತಿನಲ್ಲೂ ಇಲ್ಲ. ಶಾಕುಂತಲದ ಉದಾಹರಣೆ ಕೊಟ್ಟು ಬೆಳೆದ ಹುಡುಗಿಯೇ ಬೇಕೆಂದ ರಂಗಪ್ಪನ ಇಂಗ್ಲಿಷ್ ವಿಚಾರ ಹೊಸ್ತಿಲು ದಾಟುವುದರೊಳಗೆ ಕರಗಿಹೋಯಿತು. ಕತೆಯ ಕೊನೆಯಲ್ಲಿ ಅವಳು ಮೂರು ವರ್ಷದ ಮಗನ ತಾಯಿ, ಮತ್ತೆ ಬಸುರಿ. ಮಗನಿಗೆ ಶ್ಯಾಮನ ಹೆಸರು.

ಹದಿನಾರರ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ‘ಆಗಿನ ಕಾಲ ಹಾಗಿತ್ತು’ ಅಂದು ತೇಲಿಸುವುದು ಒಂದು ದಾರಿ. ‘ಬಾಲ್ಯವಿವಾಹವನ್ನು ಬೆಂಬಲಿಸುವ ಕತೆ’ ಅಂದು ಪುಸ್ತಕ ಮುಚ್ಚುವುದು ಇನ್ನೊಂದು. ಎರಡೂ ಸೋಮಾರಿತನ. ಕಾಲವನ್ನು ಸರಿಯಾಗಿ ಹೇಳಬೇಕು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಗೆ ತಡೆಹಾಕುವ ಕಾನೂನು ಬಂದಿತ್ತು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹುಡುಗಿಗೆ ಹದಿನಾಲ್ಕು ಎಂದು ಗೊತ್ತುಮಾಡಿದ ಶಾರದಾ ಕಾನೂನು 1929ರದ್ದು. ಎರಡರ ನಡುವೆ ಹುಟ್ಟಿದ ಕತೆ ಇದು. ಅಂದರೆ ಹುಡುಗಿಯ ವಯಸ್ಸು ಚರ್ಚೆಯ ವಿಷಯವಾಗಿದ್ದ ಕಾಲದಲ್ಲೇ ರಂಗಪ್ಪನ ಬಾಯಲ್ಲಿ ಆ ಚರ್ಚೆಯನ್ನು ಆಡಿಸಿ, ಶ್ಯಾಮನ ಕೈಯಲ್ಲಿ ಅದನ್ನು ಸೋಲಿಸಿದ್ದಾರೆ. ಗೆದ್ದವನು ಕತೆ ಹೇಳುತ್ತಿದ್ದಾನೆ. ಆದ್ದರಿಂದ ಅವನ ಸಂಭ್ರಮ ನಮಗೆ ಕೇಳುತ್ತಿದೆ. ಹೇಳುವವನು ರತ್ನ ಆಗಿದ್ದರೆ? ಈ ಪ್ರಶ್ನೆಗೆ ಮಕ್ಕಳು ಬರೆದ ಒಂದೊಂದು ಪುಟದ ದೃಶ್ಯಗಳು ಗೈಡಿನ ಯಾವ ಉತ್ತರಕ್ಕಿಂತಲೂ ಕತೆಗೆ ಹತ್ತಿರವಿದ್ದವು. ಒಬ್ಬಳ ದೃಶ್ಯದಲ್ಲಿ ರತ್ನ ಹಾಡು ನಿಲ್ಲಿಸಲೇ ಇಲ್ಲ. ರಂಗಪ್ಪ ಕಾದು ಕಾದು ಎದ್ದುಹೋದ.

ಕತೆಯಿಂದ ನಾಟಕಕ್ಕೆ ಬರೋಣ. ದಿಲ್ಲಿಯವರಿಗೆ ಕಾರ್ನಾಡ ಅಂದರೆ ‘ತುಘಲಕ್’. 1964ರ ಆ ಕನ್ನಡ ನಾಟಕವನ್ನು ಬಿ.ವಿ. ಕಾರಂತರು ಹಿಂದೂಸ್ತಾನಿಗೆ ತಂದರು. ಇಬ್ರಾಹಿಂ ಅಲ್ಕಾಜಿ 1972ರಲ್ಲಿ ಪುರಾನಾ ಕಿಲಾದ ಗೋಡೆಗಳ ನಡುವೆ ಆಡಿಸಿದರು. ದಿಲ್ಲಿಯನ್ನು ಬಿಟ್ಟುಹೋದ ಸುಲ್ತಾನ ಕನ್ನಡದ ಮೂಲಕ ದಿಲ್ಲಿಗೆ ವಾಪಸು ಬಂದ. ಅಲ್ಲಿ ಮೂಲ ಭಾಷೆ ಯಾವುದು ಅಂತ ಪ್ರೇಕ್ಷಕರು ಕೇಳುವ ಅಗತ್ಯವೇ ಬೀಳಲಿಲ್ಲ. ‘ಒಡಕಲು ಬಿಂಬ’ ಹಾಗಲ್ಲ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ರಂಗಕ್ಕೆ ಬಂದ, ಎರಡನ್ನೂ ಕಾರ್ನಾಡರೇ ಬರೆದ ಈ ನಾಟಕ ‘ನೀನು ಯಾವ ಭಾಷೆಯಲ್ಲಿ ಬರೆದೆ’ ಎಂಬ ಪ್ರಶ್ನೆಯ ಮೇಲೆಯೇ ನಿಂತಿದೆ. ಕನ್ನಡದ ಕತೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಜಗತ್ಪ್ರಸಿದ್ಧಳಾಗಿದ್ದಾಳೆ. ಟೀವಿ ಸ್ಟುಡಿಯೋದಲ್ಲಿ ಕೂತು ತನ್ನನ್ನು ಸಮರ್ಥಿಸಿಕೊಂಡು ಭಾಷಣ ಮಾಡುತ್ತಾಳೆ. ಎದ್ದು ಹೊರಡಬೇಕು, ಅಷ್ಟರಲ್ಲಿ ಪರದೆಯ ಮೇಲಿನ ಅವಳ ಬಿಂಬವೇ ಅವಳನ್ನು ಮಾತಿಗೆಳೆಯುತ್ತದೆ. ಮಾತು ವಿಚಾರಣೆಯಾಗಿ, ಕೊನೆಗೆ ಗೊತ್ತಾಗುವುದೇನೆಂದರೆ, ಆ ಕಾದಂಬರಿ ಅವಳದ್ದಲ್ಲ. ಗಾಲಿಕುರ್ಚಿಯಲ್ಲೇ ಬದುಕು ಕಳೆದು ಸತ್ತ ತಂಗಿ ಮಾಲಿನಿಯದ್ದು.

ಇದನ್ನೂ ‘ಆಶಯ’ದಿಂದ ಶುರುಮಾಡಿದರೆ ಮೂರು ಸಾಲಿನಲ್ಲಿ ಮುಗಿಯುತ್ತದೆ: ಜಾಗತೀಕರಣ, ಇಂಗ್ಲಿಷಿನ ಮೋಹ, ವ್ಯಕ್ತಿತ್ವದ ಒಡಕು. ಆಡಿಸಿ ನೋಡಿದರೆ ಬೇರೆ ಗೊತ್ತಾಗುತ್ತದೆ. ರಂಗದ ಮೇಲಿನ ಮಂಜುಳಾ ಮತ್ತು ಪರದೆಯ ಬಿಂಬ ಎರಡನ್ನೂ ಮಾಡುವವಳು ಒಬ್ಬಳೇ ನಟಿ. ಬಿಂಬದ ಮಾತುಗಳನ್ನು ಮೊದಲೇ ಚಿತ್ರೀಕರಿಸಿ, ಅದು ಬಾಯಿ ಮುಚ್ಚಿದ ಕ್ಷಣಕ್ಕೆ ಸರಿಯಾಗಿ ಇವಳು ಮಾತು ಎತ್ತಬೇಕು. ನನ್ನ ತರಗತಿಯವರು ಒಂದು ಫೋನಿನಲ್ಲಿ ಚಿತ್ರೀಕರಿಸಿಕೊಂಡು, ಗೋಡೆಯ ಮೇಲೆ ಬಿಟ್ಟು, ಎರಡು ಪುಟ ಆಡಿದರು. ಮೊದಲ ಹತ್ತು ಸಲ ಬರೀ ಗೊಂದಲ. ಇವಳು ತಡಮಾಡಿದರೆ ಬಿಂಬ ಕಾಯುವುದಿಲ್ಲ. ಅವಸರ ಮಾಡಿದರೆ ಬಿಂಬ ಇವಳ ಮಾತನ್ನೇ ನುಂಗುತ್ತದೆ. ಯಾರ ಕೈಯಲ್ಲಿ ಹಿಡಿತವಿದೆ ಎಂಬುದನ್ನು ಅವರಿಗೆ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಒಮ್ಮೆ ಲೋಕಕ್ಕೆ ತೋರಿಸಿದ ಮುಖ ಆಮೇಲೆ ನಮ್ಮ ಮಾತು ಕೇಳುವುದಿಲ್ಲ ಅನ್ನುವುದು ಆ ತಾಂತ್ರಿಕ ಕಷ್ಟದಲ್ಲೇ ಅಡಗಿತ್ತು. ಶಾಲೆಯಲ್ಲಿ ಒಂದು ಹೆಸರು, ಒಂದು ಉಚ್ಚಾರ, ಮನೆಯಲ್ಲಿ ಇನ್ನೊಂದು ಇಟ್ಟುಕೊಂಡು ಬದುಕುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಮತ್ತೆ ಅದೇ ಪ್ರಶ್ನೆ: ಇಲ್ಲಿ ಯಾರಿಗೆ ಮಾತಿಲ್ಲ? ಮಾಲಿನಿಗೆ. ಇಡೀ ನಾಟಕ ಅವಳ ಪುಸ್ತಕದ ಸುತ್ತ ತಿರುಗುತ್ತದೆ. ಅವಳ ಬಗ್ಗೆ ಅಕ್ಕ ಮಾತಾಡುತ್ತಾಳೆ, ಅಕ್ಕನ ಬಿಂಬ ಮಾತಾಡುತ್ತದೆ, ಕೊನೆಗೆ ಆ ಬಿಂಬವೇ ಮಾಲಿನಿಯಾಗಿ ನಿಲ್ಲುತ್ತದೆ. ಅವಳು ಸ್ವತಃ ಬರುವುದೇ ಇಲ್ಲ. ಮಾಸ್ತಿಯವರ ಕತೆಯೊಳಗೊಂದು ನಾಟಕವಿದ್ದರೆ ಕಾರ್ನಾಡರ ನಾಟಕದೊಳಗೊಂದು ಕಾದಂಬರಿಯಿದೆ. ಎರಡರಲ್ಲೂ ಒಬ್ಬಳ ದನಿಯನ್ನು ಇನ್ನೊಬ್ಬರು ಉಪಯೋಗಿಸಿಕೊಂಡು ಗೆಲ್ಲುತ್ತಾರೆ. ರತ್ನಳ ಹಾಡು ಶ್ಯಾಮನ ಉಪಾಯವಾಯಿತು, ಮಾಲಿನಿಯ ಬರಹ ಮಂಜುಳೆಯ ಕೀರ್ತಿಯಾಯಿತು. ಸೌದೆಯವಳ ಗೊಣಗಾಟ ಒಂದು ಜೋಕಾಯಿತು. ಸುಮಾರು ತೊಂಬತ್ತೈದು ವರ್ಷದ ಅಂತರದಲ್ಲಿ ಬಂದ ಎರಡು ಕನ್ನಡ ಕೃತಿಗಳಲ್ಲಿ ಇಂಗ್ಲಿಷ್ ಒಳಬರುವ ಜಾಗದಲ್ಲೆಲ್ಲ ಒಬ್ಬ ಹೆಂಗಸು ಮಾತು ಕಳೆದುಕೊಂಡು ನಿಂತಿದ್ದಾಳೆ ಎಂಬುದನ್ನು ನಾನು ಯಾವ ವಿಮರ್ಶೆಯ ಪುಸ್ತಕದಿಂದಲೂ ಎತ್ತಿಕೊಂಡಿಲ್ಲ. ‘ನನಗೆ ಡೈಲಾಗೇ ಇಲ್ಲ’ ಎಂದ ಹುಡುಗಿಯಿಂದ ಎತ್ತಿಕೊಂಡೆ.

ಇದಕ್ಕೆಲ್ಲ ಪುರಸೊತ್ತು ಎಲ್ಲಿದೆ ಅಂತ ಕೇಳುವವರಿದ್ದಾರೆ. ಪೂರಕ ಪಠ್ಯದ ಒಂದು ಕತೆಗೆ ಸಿಗುತ್ತಿದ್ದದ್ದು ಎರಡೋ ಮೂರೋ ಪಿರಿಯಡ್ಡು. ಒಬ್ಬ ಪೋಷಕರು ಬಂದು, ‘ನಾಟಕಗೀಟಕ ಆಮೇಲೆ ಮಾಡಿ ಸರ್, ಮೊದಲು ಪಾಯಿಂಟ್ಸ್ ಕೊಟ್ಟುಬಿಡಿ’ ಎಂದು ವಿನಯದಿಂದಲೇ ಕೇಳಿದ್ದರು. ಅವರ ಆತಂಕ ಸುಳ್ಳಲ್ಲ. ಊರು ಬಿಟ್ಟು ಬಂದವರಿಗೆ ಮಕ್ಕಳ ಅಂಕವೇ ಆಸ್ತಿ. ಆದರೆ ಕತೆಯನ್ನು ಕಿವಿಯಿಂದ ಓದಿದವರು ಪರೀಕ್ಷೆಯಲ್ಲಿ ಸೋತದ್ದನ್ನು ನಾನು ಕಂಡಿಲ್ಲ. ‘ನಿರೂಪಕ ಎಂಥ ಮನುಷ್ಯ’ ಎಂಬ ಪ್ರಶ್ನೆಯೂ ಅದೇ ಪಾಠದ ಕೊನೆಯಲ್ಲಿತ್ತು. ಶ್ಯಾಮನ ಪಾತ್ರ ಮಾಡಿದವನಿಗೆ ಅದಕ್ಕೆ ಉತ್ತರ ಬರೆಯಲು ಗೈಡು ಬೇಕಾಗಲಿಲ್ಲ.

2022ರಲ್ಲಿ ಪಠ್ಯದ ಹೊರೆ ಇಳಿಸುವ ಪರಿಷ್ಕರಣೆ ನಡೆದಾಗ ‘ಸ್ನ್ಯಾಪ್‌ಶಾಟ್ಸ್’ನ ಎಂಟು ಪಾಠಗಳಲ್ಲಿ ಮೂರನ್ನು ಕೈಬಿಟ್ಟರು. ‘ರಂಗಾಸ್ ಮ್ಯಾರೇಜ್’ ಅವುಗಳಲ್ಲೊಂದು. ಉಳಿದ ಐದರಲ್ಲಿ ಭಾರತದ ಲೇಖಕರೆಂದರೆ ವಿಕ್ರಮ್ ಸೇಠ್ ಒಬ್ಬರೇ. ಭಾರತದ ಬೇರೆ ಭಾಷೆಯಿಂದ ಬಂದದ್ದು ಒಂದೂ ಇಲ್ಲ. ನಾಟಕಕ್ಕೆ ಇಂಗ್ಲೆಂಡಿನ ಜೆ.ಬಿ. ಪ್ರೀಸ್ಟ್ಲಿಯವರ ‘ಮದರ್ಸ್ ಡೇ’ ಇತ್ತು. ಒಳ್ಳೆಯ ನಾಟಕವೇ, ಮಕ್ಕಳು ನಗುತ್ತಾರೆ. ಆದರೆ ಚೇಂಜಿಗೆ ಏನಂತೀರಿ ಎಂದು ಕೇಳುವ ಸಂದರ್ಭ ಅದರಲ್ಲಿ ಬರುವುದಿಲ್ಲ. ಕನ್ನಡಕ್ಕೆ ಅನ್ಯಾಯವಾಯಿತು ಅಂತ ಕೂಗುವುದಕ್ಕೆ ನಾನಿದನ್ನು ಬರೆಯುತ್ತಿಲ್ಲ. ಹೋದದ್ದು ಕನ್ನಡದ ಮಾನವಲ್ಲ. ರಾಯಚೂರಿನ ಹುಡುಗಿ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳಾಗಿದ್ದ ಮೂರು ಪಿರಿಯಡ್ಡು. ಭೋಜಪುರಿಯ ಹುಡುಗ ತನ್ನ ಮನೆಮಾತನ್ನು ಇಂಗ್ಲಿಷ್ ಪಾಠದಲ್ಲಿ ಮೊದಲ ಸಲ ಗಟ್ಟಿಯಾಗಿ ಆಡಿದ ಮೂರು ಪಿರಿಯಡ್ಡು.

ಊರಿನಲ್ಲಿರುವ ನಿಮಗೆ ಇದು ನಮ್ಮ ಕಷ್ಟ, ಹೊರಗಿನವರ ಕಷ್ಟ ಅಂತ ಅನ್ನಿಸಬಹುದು. ಹಾಗೇನಿಲ್ಲ. ಅದೇ ಪುಸ್ತಕ ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಸಿಬಿಎಸ್‌ಇ ಶಾಲೆಗಳಲ್ಲೂ ಇತ್ತು. ಅಲ್ಲಿಯ ಮಕ್ಕಳೂ ಮಾಸ್ತಿಯವರನ್ನು ಇಂಗ್ಲಿಷಿನಲ್ಲೇ ಓದಿ ಪಾಯಿಂಟು ಬರೆದರು. ವ್ಯತ್ಯಾಸವೆಂದರೆ ಅವರ ಮನೆಯಲ್ಲಿ, ಇಲ್ಲವೇ ಎರಡು ಬೀದಿ ಆಚೆಯ ಗ್ರಂಥಾಲಯದಲ್ಲಿ ಕನ್ನಡದ ಪುಸ್ತಕವೂ ಇತ್ತು. ದಿಲ್ಲಿಯಲ್ಲಿ ಅದಕ್ಕಾಗಿ ನಾವು ಕರ್ನಾಟಕ ಸಂಘದವರೆಗೆ ಬಸ್ಸು ಹಿಡಿಯಬೇಕು. ನಿಮ್ಮ ಮಗನೋ ಮೊಮ್ಮಗಳೋ ಕೈಗೆ ಸಿಕ್ಕಾಗ ‘ರಂಗನ ಮದುವೆ’ಯ ಮೊದಲ ಮೂರು ಪುಟ ಗಟ್ಟಿಯಾಗಿ ಓದಿ ಹೇಳಿ. ಪಠ್ಯದಲ್ಲಿ ಇರಲಿ ಬಿಡಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸೌದೆಯವಳು ಬಂದಾಗ ಸ್ವಲ್ಪ ನಿಲ್ಲಿಸಿ. ಇವತ್ತು ಅಂಗಡಿಯಲ್ಲಿ ‘ಚೇಂಜ್ ಇಲ್ಲ’ ಅನ್ನುವುದು ನಮಗೆಲ್ಲ ರೂಢಿಯಾಗಿಹೋಗಿದೆ, ಆ ಪದಕ್ಕೆ ಯಾರೂ ಗೊಣಗುವುದಿಲ್ಲ. ಅವಳು ಏನಂತ ಗೊಣಗಿಕೊಂಡು ಹೋಗಿರಬಹುದು ಎಂದು ಮಕ್ಕಳನ್ನು ಕೇಳಿ. ಅವರು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ ಅನ್ನುವುದನ್ನೂ ಸ್ವಲ್ಪ ಗಮನವಿಟ್ಟು ಕೇಳಿಸಿಕೊಳ್ಳಿ.